ಪಿಜನ್ ಫೋರ್ಕ್ ರಸ್ತೆಯ ಮೂವತ್ತೊಂದು ಮನೆಗಳು

ಪಿಜನ್ ಫೋರ್ಕ್ ರಸ್ತೆಯಲ್ಲಿ ಅರವತ್ತೈದು ದಾಟಿದವರು ವಾಸವಿರುವ ಮನೆಗಳು ನಲವತ್ತೆಂಟು. ಅವುಗಳಲ್ಲಿ ಹದಿನೇಳು ಮನೆಯವರು ಫೋನ್ ಎತ್ತಿದರು, ಮೂವತ್ತೊಂದು ಮನೆಯವರು ಎತ್ತಲಿಲ್ಲ. ಎತ್ತಿದವರಲ್ಲಿ ಕೌಂಟಿಯ ವ್ಯಾನ್ ಬಳಸುತ್ತೇವೆ ಎಂದವರು ಇಬ್ಬರು. ಈ ನಾಲ್ಕು ಸಂಖ್ಯೆಗಳಲ್ಲಿ ಒಂದೂ ಸುಳ್ಳಲ್ಲ. ಕೋರಾ ಟ್ರಿಪ್ಲೆಟ್ ಬಹಳ ದಿನ ಈ ಒಂದು ಸಮಾಧಾನಕ್ಕೆ ಜೋತುಬಿದ್ದಿದ್ದಳು. ಸುಳ್ಳಾಗಿದ್ದವು ಪಕ್ಕದ ಅಂಕಣದಲ್ಲಿದ್ದ ತಾರೀಖುಗಳು.

ಕೋರಾಗೆ ಇಪ್ಪತ್ತು ವರ್ಷ. ಬೆಟ್ಟಗಳ ನಡುವಿನ ಆ ಕೌಂಟಿಯಲ್ಲೇ, ಎಂದರೆ ಆ ಪುಟ್ಟ ಜಿಲ್ಲೆಯಲ್ಲೇ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಓದಿ, ಮೂವತ್ತು ಮೈಲಿ ಆಚೆಯ ವಿಶ್ವವಿದ್ಯಾಲಯದಲ್ಲಿ ಪದವಿಯ ಮೂರನೆಯ ವರ್ಷಕ್ಕೆ ಬಂದವಳು. ಅಲ್ಲಿ ಪ್ರತಿ ವಸಂತದಲ್ಲಿ ಹನ್ನೆರಡು ಪದವಿ ವಿದ್ಯಾರ್ಥಿಗಳನ್ನು ಆರಿಸಿ ಸಾರ್ವಜನಿಕ ನೀತಿಯ ಸಂಶೋಧನೆಗೆ ಹಚ್ಚುತ್ತಾರೆ. ಅವರಿಗೆ ಸ್ಕಾಲರ್ ಎಂದು ಹೆಸರು. ಸುತ್ತಲಿನ ಕಚೇರಿಗಳು ತಲಾ ಒಂದು ಪ್ರಶ್ನೆಯನ್ನು ಒಪ್ಪಿಸುತ್ತವೆ. ಬೇಸಿಗೆಯ ಹತ್ತು ವಾರಗಳಲ್ಲಿ ಸ್ಕಾಲರ್ ಅದಕ್ಕೆ ಉತ್ತರ ಹುಡುಕಿ ಹನ್ನೆರಡು ಪುಟದ ವರದಿ ಬರೆಯಬೇಕು. ಹನ್ನೆರಡು ವರದಿಗಳಲ್ಲಿ ಒಂದನ್ನು ನವೆಂಬರಿನಲ್ಲಿ ರಾಜಧಾನಿಯ ಶಾಸನಭವನದಲ್ಲಿ, ಶಾಸಕರ ಎದುರಿಗೆ ಓದುವ ಮರ್ಯಾದೆ ಉಂಟು. ಕೋರಾಳ ಕೌಂಟಿಯಿಂದ ಅದುವರೆಗೆ ಯಾರೂ ಸ್ಕಾಲರ್ ಆಗಿರಲಿಲ್ಲ.

ಅವಳಿಗೆ ಬಂದ ಪ್ರಶ್ನೆ ಸರಳವಾದದ್ದು. ವಯಸ್ಸಾದವರನ್ನು ಆಸ್ಪತ್ರೆಗೂ ದಿನಸಿ ಅಂಗಡಿಗೂ ಕರೆದೊಯ್ಯಲು ಕೌಂಟಿಯ ಬಳಿ ಇದ್ದದ್ದು ಒಂದೇ ವ್ಯಾನ್. ಮಂಗಳವಾರ ಅದು ಪಿಜನ್ ಫೋರ್ಕ್ ರಸ್ತೆಗೆ ಹೋಗುತ್ತಿತ್ತು. ಆ ಓಡಾಟ ಬೇಕೆ, ಬೇಡವೆ? ಚಾಲಕ ಬರೆದಿಡುತ್ತಿದ್ದುದು ಮೈಲಿಗಳನ್ನು, ತಲೆಗಳನ್ನಲ್ಲ. ಆದ್ದರಿಂದ ಪ್ರತಿ ಮನೆಗೂ ಫೋನ್ ಮಾಡಿ ಕೇಳುವುದೆಂದಾಯಿತು. ಇದಕ್ಕೆ ಕೌಂಟಿಯದೇ ಒಂದು ನಿಯಮವಿತ್ತು. ಮೂರು ಬೇರೆ ಬೇರೆ ದಿನ, ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ, ಒಮ್ಮೆ ಶನಿವಾರ ಕರೆ ಮಾಡಬೇಕು. ಮೂರು ಸಲವೂ ಎತ್ತದ ಮನೆಗೆ ವ್ಯಾನ್ ಬೇಕಾಗಿಲ್ಲವೆಂದು ತಿಳಿದು ಪಟ್ಟಿಯಿಂದ ತೆಗೆಯಬಹುದು.

ಜುಲೈ ತಿಂಗಳ ಮೊದಲ ಹದಿನೈದು ದಿನಗಳನ್ನು ಕೋರಾ ನಕ್ಷೆಗೆ ಕೊಟ್ಟಳು. ರಸ್ತೆ, ತೊರೆ, ಸೇತುವೆ, ಮನೆ, ಎಲ್ಲಕ್ಕೂ ಬೇರೆ ಬೇರೆ ಬಣ್ಣ. ನಕ್ಷೆ ಚೆನ್ನಾಗಿ ಬಂದಿತ್ತು, ನೋಡಿದವರೆಲ್ಲ ಹೊಗಳಿದರು. ಹದಿನೇಳರ ಬುಧವಾರ ಕರಡು ಒಪ್ಪಿಸಬೇಕಾಗಿತ್ತು. ಹದಿನಾರರ ಮಂಗಳವಾರ ಬೆಳಿಗ್ಗೆ ಅವಳ ಕರೆಪಟ್ಟಿ ಇನ್ನೂ ಖಾಲಿ ಇತ್ತು, ಒಂದು ಮನೆಗೂ ಫೋನ್ ಮಾಡಿರಲಿಲ್ಲ. ಅವಳು ಹತ್ತು ಗಂಟೆಗೆ ಒಂದು ಸುತ್ತು ಕರೆ ಮಾಡಿದಳು. ಎತ್ತದವರಿಗೆ ಹನ್ನೆರಡು ಗಂಟೆಗೆ ಇನ್ನೊಂದು ಸುತ್ತು, ಎರಡು ಗಂಟೆಗೆ ಮತ್ತೊಂದು. ಬಳಿಕ ತಾರೀಖಿನ ಅಂಕಣದಲ್ಲಿ ಹನ್ನೊಂದು, ಹದಿಮೂರು, ಹದಿನಾರು ಎಂದು ಬರೆದಳು. ಹದಿಮೂರು ಶನಿವಾರವಾಗಿತ್ತು. ಒಂದೇ ದಿನ ಬರೆದದ್ದೆಂದು ಕಾಣಬಾರದೆಂದು ನಡುವೆ ಪೆನ್ನನ್ನೂ ಬದಲಿಸಿದಳು.

ಆಗಸ್ಟ್ ಹತ್ತೊಂಬತ್ತರ ಸೋಮವಾರ ಕೌಂಟಿ ಕಟ್ಟಡದ ಮಹಡಿಯಲ್ಲಿ, ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳ ಎದುರು ಕೋರಾ ವರದಿ ಓದಿದಳು. ಕೊನೆಗೆ, "ನಲವತ್ತೆಂಟು ಮನೆಗಳಲ್ಲಿ ವ್ಯಾನ್ ಬಳಸುವವು ಎರಡು, ಎಂದರೆ ಇಪ್ಪತ್ತನಾಲ್ಕಕ್ಕೆ ಒಂದು" ಎಂದಳು. ಅಧ್ಯಕ್ಷ ರಾಯ್ಸ್ ಲಾಗ್ಸ್‌ಡನ್ ತಲೆದೂಗಿದರು.

ಹಿಂದಿನ ಸಾಲಿನಲ್ಲಿ ಹೋಬಾರ್ಟ್ ಟ್ಯಾಕೆಟ್ ಎದ್ದು ನಿಂತರು. ಹತ್ತೊಂಬತ್ತು ವರ್ಷದಿಂದ ಆ ವ್ಯಾನ್ ಓಡಿಸುತ್ತಿದ್ದವರು.

"ರಾಯ್ಸ್, ನನ್ನ ಗಾಡೀಲಿ ಹನ್ನೊಂದು ಸೀಟು. ಮಂಗಳವಾರ ಒಂದೂ ಖಾಲಿ ಇರಲ್ಲ."

"ಬರ್ದಿಟ್ಟಿದೀಯಾ?"

"ಮೈಲಿ ಬರ್ದಿದೀನಿ."

"ಮೈಲಿ ಯಾರಿಗ್ ಬೇಕಪ್ಪ. ಈ ಹುಡುಗಿ ಮನೆಮನೆಗೂ ಮೂರ್ಮೂರು ಸಲ ಫೋನ್ ಮಾಡಿ ಇಬ್ರು ಅಂತಾಳೆ. ನೀನು ಹನ್ನೊಂದು ಅಂತೀಯ. ಮಿಕ್ಕ ಒಂಬತ್ತು ಸೀಟಲ್ಲಿ ದೆವ್ವಗಳು ಕೂತಿರ್ತಾವಾ?"

ಸಭೆ ನಕ್ಕಿತು. ಹೋಬಾರ್ಟ್ ನಗಲಿಲ್ಲ. ಅವರು ಕೋರಾಳ ಕಡೆಗೆ ತಿರುಗಿದರು.

"ಮಗಳೇ, ನಿನ್ನ ಮಾತು ಸುಳ್ಳು ಅಂತಿಲ್ಲ. ಆದ್ರೆ ಒಂಬತ್ತಕ್ಕೆ ಹತ್ತಿಸ್ಕೊಂಡ್ರೆ ಮೂರು ಗಂಟೆಗೆ ನಾನು ಅವರನ್ನ ಇಳಿಸೋದು. ಮಂಗಳವಾರ ಮನೆಗೆ ಫೋನ್ ಮಾಡಿದ್ರೆ ಯಾರ್ ಸಿಕ್ತಾರೆ ಹೇಳು?"

ಕೋರಾಗೆ ಎಲ್ಲವೂ ಆ ಕ್ಷಣದಲ್ಲೇ ಹೊಳೆಯಿತು. ವ್ಯಾನ್ ಬೇಕಾದವರು ವ್ಯಾನಿನಲ್ಲಿದ್ದ ಹೊತ್ತನ್ನೇ ಆರಿಸಿಕೊಂಡು ಅವಳು ಅವರ ಖಾಲಿ ಮನೆಗಳಿಗೆ ಮೂರು ಸಲ ಫೋನ್ ಮಾಡಿದ್ದಳು. ಎಣಿಸಬೇಕಾಗಿದ್ದವರನ್ನೇ ಬಿಟ್ಟು ಉಳಿದವರನ್ನು ಎಣಿಸಿದ್ದಳು.

"ಮಂಗಳವಾರ ಒಂದೇ ದಿನ ಮಾಡಿದ್ಯೇನಮ್ಮ?" ಎಂದು ಅಧ್ಯಕ್ಷರು ಕೇಳಿದರು. ನಿಜ ಹೇಳಲು ಅದಕ್ಕಿಂತ ಸಲೀಸಾದ ಬಾಗಿಲು ಯಾರಿಗೂ ತೆರೆಯುವುದಿಲ್ಲ.

"ಇಲ್ಲ ಸರ್. ಮೂರು ದಿನ ಮಾಡಿದೀನಿ. ತಾರೀಖು ಕೊನೇ ಪುಟದಲ್ಲಿದೆ."

ಹೋಬಾರ್ಟ್ ಕುಳಿತುಕೊಂಡರು. ಸೆಪ್ಟೆಂಬರಿನಿಂದ ಮಂಗಳವಾರದ ಓಡಾಟವನ್ನು ಪ್ರಯೋಗಕ್ಕೆಂದು ನಿಲ್ಲಿಸುವುದು, ನವೆಂಬರ್ ನಾಲ್ಕರ ಸಭೆಯಲ್ಲಿ ಕಾಯಂ ಮಾಡುವುದು ಎಂದು ತೀರ್ಮಾನವಾಯಿತು. ಆಗಸ್ಟ್ ಕೊನೆಗೆ ಶಾಸನಭವನಕ್ಕೆ ಕೋರಾಳ ವರದಿಯ ಆಯ್ಕೆಯೂ ಆಯಿತು. ಊರಿನ ಪತ್ರಿಕೆ ಅವಳನ್ನು ನಕ್ಷೆಯ ಪಕ್ಕದಲ್ಲಿ ನಿಲ್ಲಿಸಿ ತೆಗೆದ ಚಿತ್ರವನ್ನು ಅಚ್ಚು ಹಾಕಿತು.

ಅಕ್ಟೋಬರ್ ಎರಡನೆಯ ವಾರ ಕೋರಾ ಊರಿಗೆ ಬಂದಾಗ, ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲಿ ಲಿಯೋಟಾ ಸ್ಕ್ಯಾಗ್ಸ್ ಸಿಕ್ಕಿದರು. ಎಪ್ಪತ್ತೆಂಟು ದಾಟಿದ ಹೆಂಗಸು. ಕೋರಾ ಓದಿದ ಶಾಲೆಯಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದವರು. ಮನೆ ಪಿಜನ್ ಫೋರ್ಕ್ ರಸ್ತೆಯ ತುದಿಯಲ್ಲಿ. ಕೋರಾ ತಪ್ಪಿಸಿಕೊಂಡು ಹೋಗಲು ನೋಡಿದಳು. ಆಗಲಿಲ್ಲ.

"ಕೋರಾ ಅಲ್ವಾ? ಬಾ ಮರಿ. ಈ ದುಪ್ಪಟಿ ಆ ಕಡೆ ಹಿಡ್ಕೋ. ಒಬ್ಳೇ ಮಡಚೋಕೆ ಆಗಲ್ಲ."

ದುಪ್ಪಟಿಯ ಎರಡು ಮೂಲೆ ಹಿಡಿದು ಕೋರಾ ಎದುರಿಗೆ ನಿಂತಳು.

"ಹೇಗೆ ಬಂದ್ರಿ ಮಿಸ್ ಲಿಯೋಟಾ?"

"ಪಕ್ಕದ ಮನೆಯೋನ ಟ್ರಕ್ಕಲ್ಲಿ. ಅವನಿಗೆ ಮನಸ್ಸು ಬಂದಾಗ ಕರ್ಕೊಂಬರ್ತಾನೆ. ಎರಡು ವಾರಕ್ಕೊಮ್ಮೆ ಬರತ್ತೆ ಮನಸ್ಸು." ಅವರು ಮಡಿಕೆಯನ್ನು ತಟ್ಟಿದರು. "ಪೇಪರಲ್ಲಿ ನಿನ್ನ ಫೋಟೋ ನೋಡ್ದೆ. ಮೆಕ್ಕೆಜೋಳದ ಬ್ರೆಡ್ ಇನ್ನೊಂದು ಹಾಕಿ ಅಂತ ತಟ್ಟೆ ಹಿಡ್ಕೊಂಡು ನಿಲ್ತಿದ್ದ ಹುಡುಗಿ ಈಗ ಶಾಸಕರ ಮುಂದೆ ನಿಲ್ತಾಳಂತೆ ಅಂತ ಎಲ್ರಿಗೂ ಹೇಳ್ಕೊಂಡು ಬಂದೆ. ನಿನ್ನ ವರದೀನೂ ಓದಿಸ್ಕೊಂಡ್ವಿ."

"ಓದಿಸ್ಕೊಂಡ್ರಾ?"

"ಊಂ. ಇಬ್ರು ಅಂತ ಬರ್ದಿದೀಯಲ್ಲ, ಆ ಇಬ್ರು ಯಾರು ಅಂತ ನಾವು ಹನ್ನೊಂದು ಜನ ಜಗಳ ಆಡಿದ್ದೇ ಆಡಿದ್ದು. ಒಬ್ಬ ನಾನೇ ಅಂತಾನೆ ಕ್ಲೈಡ್. ಇನ್ನೊಬ್ಳು ತಾನು ಅಂತಾಳೆ ವರ್ನಾ. ಮಿಕ್ಕೋರು ನಾವು ದೆವ್ವಗಳು. ರಾಯ್ಸ್ ಹಾಗಂದನಂತಲ್ಲ?"

ಲಿಯೋಟಾ ತಮ್ಮ ಮಾತಿಗೆ ತಾವೇ ನಕ್ಕರು. ಕೋರಾ ದುಪ್ಪಟಿಯ ಅಂಚನ್ನು ನೋಡುತ್ತಿದ್ದಳು.

"ತಪ್ಪು ನಮ್ದೇ ಬಿಡು. ನೀನು ಮೂರು ದಿನ ಫೋನ್ ಮಾಡಿದೀಯ. ಗುರುವಾರ ನಾನು ಎಲ್ಲಿದ್ದೆನೋ ನೆನಪಿಲ್ಲ. ಆದ್ರೆ ಆ ಶನಿವಾರ ಇಡೀ ದಿನ ಮನೇಲೇ ಬೀನ್ಸ್ ಬಿಡಿಸ್ತಾ ಕೂತಿದ್ದೆ, ಫೋನ್ ಕೈಗೆ ಸಿಗೋಷ್ಟು ಹತ್ರ. ಆದ್ರೂ ಕೇಳಿಸ್ಲಿಲ್ಲ ನೋಡು. ಕಿವಿ ಹೋಗ್ತಾ ಇದೆ ಅಂತ ಆವಾಗ್ಲೇ ತಿಳೀತು. ಈಗ ಟೀವೀನೂ ಜೋರಾಗಿ ಇಟ್ಕೋತೀನಿ. ಆಸ್ಪತ್ರೇಲಿ ತೋರಿಸ್ಕೊಳ್ಳೋಣ ಅಂದ್ರೆ ವ್ಯಾನ್ ಇಲ್ಲ."

"ನಿಮ್ಮ ಕಿವಿ ಚೆನ್ನಾಗೇ ಇದೆ, ಮಿಸ್ ಲಿಯೋಟಾ."

"ನಿಂಗೇನ್ ಗೊತ್ತು? ಇಪ್ಪತ್ತು ವರ್ಷದೋಳು ನೀನು." ಅವರು ಮಡಚಿದ ದುಪ್ಪಟಿಯನ್ನು ಅವಳ ಕೈಯಿಂದ ತೆಗೆದುಕೊಂಡರು. "ಊಟ ಸರಿಯಾಗಿ ಮಾಡು. ಸೊರಗಿದೀಯ."

ಕರೆಯೇ ಮಾಡದ ಒಂದು ಶನಿವಾರವನ್ನು ನಂಬಿ ಒಬ್ಬ ಹೆಂಗಸು ತನ್ನ ಕಿವಿಯ ಮೇಲೆ ಸಂಶಯಪಡುತ್ತಿದ್ದಳು. ಇದು ಕೋರಾಳ ಯಾವ ಪುಟದಲ್ಲೂ ಇರಲಿಲ್ಲ, ಯಾವ ಅಂಕಣದಲ್ಲೂ ಹಿಡಿಯುವಂತಿರಲಿಲ್ಲ. ಅವಳು ಕಾರಿನಲ್ಲಿ ಬಹಳ ಹೊತ್ತು ಕುಳಿತಿದ್ದಳು. ಮತ್ತೆ ಒಳಗೆ ಹೋಗಿ ಹೇಳಿಬಿಡಬಹುದಾಗಿತ್ತು. ಹೋಗಲಿಲ್ಲ.

ಆದರೆ ಆ ಗುರುವಾರ ಬೆಳಿಗ್ಗೆಯಿಂದ ಅವಳು ಮೂವತ್ತೊಂದು ಮನೆಗಳಿಗೂ ನಿಯಮದ ಪ್ರಕಾರ ಮತ್ತೆ ಕರೆ ಮಾಡತೊಡಗಿದಳು. ಹತ್ತೊಂಬತ್ತು ಮನೆಯವರು ಎತ್ತಿದರು. ಲಿಯೋಟಾ ಎರಡನೆಯ ಸಲ ಗಂಟೆಯಾಗುವುದರೊಳಗೆ ಎತ್ತಿದರು. ಹತ್ತೊಂಬತ್ತರಲ್ಲಿ ಹದಿಮೂರು ಮನೆಗೆ ವ್ಯಾನ್ ಬೇಕಾಗಿತ್ತು. ಮೊದಲಿನ ಎರಡು ಸೇರಿ ಹದಿನೈದು. ಒಟ್ಟು ಮನೆಗಳು ನಲವತ್ತೆಂಟು. ಹದಿನಾರಕ್ಕೆ ಐದು. ಇಪ್ಪತ್ತನಾಲ್ಕಕ್ಕೆ ಒಂದು ಎಂದಿದ್ದ ಜಾಗದಲ್ಲಿ ಇಪ್ಪತ್ತನಾಲ್ಕಕ್ಕೆ ಏಳೂವರೆ. ಅವಳು ಮೂರು ಸಲ ಭಾಗಿಸಿ ನೋಡಿದಳು. ಲೆಕ್ಕ ಅಷ್ಟೇ ಬಂತು.

ಸ್ಕಾಲರುಗಳ ಕೋಣೆಯಲ್ಲಿ ಅವಳ ಎದುರಿನ ಮೇಜು ಡೆಸ್ಮಂಡ್ ಫೇ ಎಂಬವನದು. ಅವನ ವಿಷಯ ನದಿಯ ನೀರಿನ ಪರೀಕ್ಷೆ.

"ಮುಖ ಯಾಕೆ ಹಾಗಿದೆ? ಶಾಸಕರು ಪ್ರಶ್ನೆ ಕೇಳ್ತಾರೆ ಅಂತಾನಾ? ಅವರು ಬರೋದೇ ಊಟಕ್ಕೆ ಕಣೆ."

"ನನ್ನ ಕರೆಗಳ ವೇಳೆ ಸರಿ ಇರಲಿಲ್ಲ, ಡೆಸ್ಮಂಡ್. ಲೆಕ್ಕ ಏರುಪೇರಾಗಿದೆ."

ಅವಳು ಅರ್ಧ ಮಾತ್ರ ಹೇಳಿದಳು. ಅವನೂ ಅರ್ಧಕ್ಕೆ ತಕ್ಕ ಉಪಾಯವನ್ನೇ ಕೊಟ್ಟ.

"ವರದಿ ಕೊರತೆ ಹೇಳ್ಕೊಳ್ಳೋ ಮಿತಿಗಳು ಅನ್ನೋ ಪ್ಯಾರಾ ಇದೆಯಲ್ಲ, ಅಲ್ಲಿ ಹಾಕು. ಅದು ಇರೋದೇ ಅದಕ್ಕೆ. ನಾನು ನನ್ನ ಮಿತಿಗಳಲ್ಲಿ ಅರ್ಧ ನದೀನೇ ಮುಳುಗಿಸಿದೀನಿ. ಯಾರೂ ಹಾರಿ ನೋಡಿಲ್ಲ."

ಆ ದಿನ ಮಧ್ಯಾಹ್ನ ಎರಡು ಗಂಟೆ ಕಾಲ ಕುಳಿತು ಅವಳು ಒಂದು ವಾಕ್ಯ ಕಟ್ಟಿದಳು: "ಮೊದಲ ಹಂತದಲ್ಲಿ ಕರೆಗಳ ವೇಳೆಯು ಉತ್ತರದ ಪ್ರಮಾಣದ ಮೇಲೆ ಪರಿಣಾಮ ಬೀರಿರುವ ಸಾಧ್ಯತೆಯಿದೆ." ವಾಕ್ಯದಲ್ಲಿ ಕರೆಗಳಿದ್ದವು, ವೇಳೆಯಿತ್ತು, ಸಾಧ್ಯತೆಯೂ ಇತ್ತು. ಕರೆ ಮಾಡಿದವರು ಯಾರೂ ಇರಲಿಲ್ಲ. ಹೊಸ ಅಂಕಿಗಳ ಜೊತೆ ಅದನ್ನು ಕೌಂಟಿ ಕಚೇರಿಗೆ ಕಳಿಸಿ, ಅಂದು ರಾತ್ರಿ ಬಹಳ ದಿನಗಳ ಮೇಲೆ ನಿದ್ದೆ ಮಾಡಿದಳು. ಮುಂದೆ ನೆನೆದಾಗ ಅವಳಿಗೆ ಎಲ್ಲಕ್ಕಿಂತ ನಾಚಿಕೆಯಾಗುತ್ತಿದ್ದುದು ಆ ನಿದ್ದೆಗೆ.

ಕಚೇರಿಯ ಉತ್ತರ ಮೂರು ದಿನದಲ್ಲಿ ಬಂತು. ತಿದ್ದುಪಡಿ ಕಡತಕ್ಕೆ ಸೇರಿದೆ, ಆದರೆ ನವೆಂಬರ್ ನಾಲ್ಕರಂದು ಮತಕ್ಕೆ ಬರುವುದು ಆಗಸ್ಟಿನಲ್ಲಿ ಓದಿದ ವರದಿಯೇ. ಓದಿದ ವರದಿಯನ್ನು ಬದಲಿಸುವ ಪದ್ಧತಿ ಇಲ್ಲ. ಬರೆದವರೇ ಸಭೆಗೆ ಬಂದು ಕಾರಣ ಹೇಳಿ ಹಿಂತೆಗೆದುಕೊಳ್ಳಬಹುದು, ಅಷ್ಟೆ.

ಕೋರಾ ಕರೆಪಟ್ಟಿಯನ್ನು ಹಿಡಿದು ಪ್ರೊಫೆಸರ್ ಮಿರಿಯಮ್ ಓಸ್ಟ್ರಾಂಡರ್ ಅವರ ಕೋಣೆಗೆ ಹೋದಳು. ಹದಿನಾಲ್ಕು ವರ್ಷದಿಂದ ಸ್ಕಾಲರುಗಳನ್ನು ಆರಿಸಿ ತಿದ್ದುತ್ತ ಬಂದಿದ್ದವರು ಅವರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಪ್ರೊಫೆಸರ್ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇಲ್ಲಿ ನೀಲಿ, ಇಲ್ಲಿ ಕಪ್ಪು. ಇದೂ?"

"ಬೇಕಂತಲೇ ಬದಲಿಸಿದೆ, ಮೇಡಂ."

ಅವರು ಪಟ್ಟಿಯ ಕೆಳಗಿನ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಜುಲೈನಲ್ಲಿ ಇದನ್ನ ನೋಡಿದೀನಿ ನಾನು. ಎರಡು ಬಣ್ಣ ನೋಡಿ, ಪಾಪ, ಶ್ರದ್ಧೆಯಿಂದ ದಿನಾ ಕೂತು ಮಾಡಿದಾಳೆ ಅಂದ್ಕೊಂಡೆ. ಪರಿಶೀಲಿಸಿದೆ ಅಂತ ಸಹಿ ಹಾಕ್ದೆ. ಫೋನ್ ಕಂಪನಿಯ ದಾಖಲೆ ಕೇಳಿದ್ರೆ ಐದು ನಿಮಿಷದ ಕೆಲಸ. ಕೇಳ್ಲಿಲ್ಲ. ನಿನ್ನದು ಮಾತ್ರ ಅಲ್ಲ, ಹದಿನಾಲ್ಕು ವರ್ಷದಲ್ಲಿ ಯಾರದೂ ಕೇಳ್ಲಿಲ್ಲ." ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. "ನಾನು ಪತ್ರ ಬರೀಲಾ, ನೀನು ಹೋಗ್ತೀಯಾ?"

"ನಾನೇ ಹೋಗ್ತೀನಿ."

"ಹೋಗಿ ಬಂದ್ಮೇಲೆ ನೀನು ಸ್ಕಾಲರ್ ಆಗಿರಲ್ಲ. ಶಾಸನಭವನಾನೂ ಇಲ್ಲ. ಇದನ್ನ ನಾನು ತಡೆಯೋಕಾಗಲ್ಲ, ತಡೆಯೋದೂ ಇಲ್ಲ."

"ಗೊತ್ತು ಮೇಡಂ."

"ಒಂದು ಮಾತು. ಅಲ್ಲಿ ಮೊದಲೇ ಕ್ಷಮೆ ಕೇಳ್ಬೇಡ. ಮೊದಲು ತಾರೀಖು ಹೇಳು. ಕ್ಷಮೆ ಮುಂದಿಟ್ರೆ ಅಯ್ಯೋ ಪಾಪ ಅಂದು ಕಡತ ಮುಚ್ಚಿಬಿಡ್ತಾರೆ."

ನವೆಂಬರ್ ನಾಲ್ಕರ ಸಭೆಗೆ ಪಿಜನ್ ಫೋರ್ಕ್ ರಸ್ತೆಯವರು ಒಬ್ಬರೂ ಬಂದಿರಲಿಲ್ಲ. ಬರಲು ಅವರಿಗೆ ವ್ಯಾನ್ ಇರಲಿಲ್ಲ. ಹೋಬಾರ್ಟ್ ಹಿಂದಿನ ಸಾಲಿನಲ್ಲಿದ್ದರು. ಪ್ರೊಫೆಸರ್ ಓಸ್ಟ್ರಾಂಡರ್ ಬಾಗಿಲ ಬಳಿ ಕುಳಿತಿದ್ದರು. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಕೋರಾ ಎದ್ದು ಚೀಟಿ ನೋಡದೆ ಹೇಳಿದಳು.

"ನನ್ನ ವರದಿಯಲ್ಲಿ ಕರೆಗಳ ತಾರೀಖು ಜುಲೈ ಹನ್ನೊಂದು, ಹದಿಮೂರು, ಹದಿನಾರು ಅಂತಿದೆ. ಹನ್ನೊಂದು, ಹದಿಮೂರು ಸುಳ್ಳು. ಎಲ್ಲಾ ಕರೆ ಮಾಡಿದ್ದು ಹದಿನಾರು, ಮಂಗಳವಾರ, ಹತ್ತರಿಂದ ಎರಡೂವರೆ ಒಳಗೆ. ಆ ಹೊತ್ತಿಗೆ ವ್ಯಾನ್ ಬಳಸೋರು ಮಿಸ್ಟರ್ ಟ್ಯಾಕೆಟ್ ಅವರ ವ್ಯಾನಲ್ಲೇ ಇದ್ರು. ವರದೀನ ಹಿಂದಕ್ಕೆ ತಗೋತೀನಿ."

ಲಾಗ್ಸ್‌ಡನ್ ಕನ್ನಡಕ ತೆಗೆದರು.

"ಆಗಸ್ಟಲ್ಲಿ ನಾನು ಇದನ್ನೇ ಕೇಳಿದ್ದೆ."

"ಹೌದು ಸರ್. ಆವಾಗ್ಲೂ ಸುಳ್ಳು ಹೇಳ್ದೆ."

"ನಿನ್ನ ಮಾತು ನಂಬ್ಕೊಂಡು ಈ ಮನುಷ್ಯನ್ನ ಎಲ್ಲರ ಮುಂದೆ ನಗೆಪಾಟಲು ಮಾಡ್ದೆ ನಾನು." ಅವರು ಕಡತದ ಹಾಳೆ ತಿರುವಿದರು. "ಇದೇನೋ ಹೊಸ ಲೆಕ್ಕ ಕಳಿಸಿದೀಯ. ಹದಿನೈದು ಮನೆ ಅಂತೆ. ಇದನ್ನ ಯಾಕ್ ನಂಬ್ಬೇಕು?"

"ನಂಬ್ಬೇಡಿ ಸರ್. ಬೇರೆಯವರ ಕೈಲಿ ಮತ್ತೆ ಮಾಡ್ಸಿ. ಫೋನ್ ದಾಖಲೆ ತಂದಿದೀನಿ."

ಯಾರೂ ಅವಳನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ವರದಿಯೇ ಇಲ್ಲದ ಮೇಲೆ ಪ್ರಯೋಗವೂ ಇಲ್ಲವೆಂದು ಅಧ್ಯಕ್ಷರು ಹೇಳಿದರು. ಮೂವರೂ ಕೈ ಎತ್ತಿದರು. ಮರುದಿನವೇ ಮಂಗಳವಾರ, ಅಂದಿನಿಂದಲೇ ವ್ಯಾನ್ ಹೊರಡಬೇಕೆಂದಾಯಿತು. ಮುಂದಿನ ವಿಷಯ ಸೇತುವೆಯ ದುರಸ್ತಿ. ಇಷ್ಟಕ್ಕೆಲ್ಲ ಹನ್ನೊಂದು ನಿಮಿಷ ಹಿಡಿಯಿತು. ಕ್ಷಮೆ ಕೇಳುವ ಮಾತು ಕೋರಾಳ ಬಾಯಲ್ಲೇ ಉಳಿಯಿತು. ಅದಕ್ಕೆ ಯಾರೂ ಜಾಗ ಬಿಟ್ಟಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವಳು ಹೋಬಾರ್ಟ್ ಅವರನ್ನು ಹಿಡಿದಳು.

"ಮಿಸ್ಟರ್ ಟ್ಯಾಕೆಟ್, ನನ್ನಿಂದ ತಪ್ಪಾಯ್ತು."

"ಹೂಂ." ಅವರು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತರು. "ಒಂದು ಕೇಳ್ಬೇಕಿತ್ತು. ಅವತ್ತು ಮಂಗಳವಾರದ ಮಾತು ಎತ್ತಿದ್ನಲ್ಲ ನಾನು. ನಿಂಗೆ ಆವಾಗ್ಲೇ ಹೊಳೀತಾ, ಆಮೇಲಾ?"

ಆಮೇಲೆ ಎನ್ನಬಹುದಾಗಿತ್ತು. ಪರೀಕ್ಷಿಸಲು ಅದಕ್ಕೆ ಯಾವ ದಾಖಲೆಯೂ ಇರಲಿಲ್ಲ.

"ಆವಾಗ್ಲೇ."

"ನಾನು ನಿಂತಿರೋವಾಗ್ಲೇ?"

"ಹೌದು."

ಹೋಬಾರ್ಟ್ ಬೀದಿಯ ಕಡೆ ನೋಡಿದರು. ಮನಸ್ಸಿನಲ್ಲಿ ಎಣಿಸುತ್ತಿದ್ದಂತಿತ್ತು.

"ಒಂಬತ್ತು ಮಂಗಳವಾರ ಆಯ್ತು," ಅಂದರು. "ಕ್ಲೈಡ್ ಹೋದ ವಾರ ಹೊರಟುಹೋದ. ಆಸ್ಪತ್ರೆಗೆ ಕರ್ಕೊಂಡ್ ಹೋಗೋರಿಲ್ಲ ಅಂತ ಮಗಳು ಬಂದು ತನ್ನೂರಿಗೆ ಕರ್ಕೊಂಡ್ ಹೋದ್ಲು. ಮನೆ ಮಾರಾಟಕ್ಕಿಟ್ಟಿದಾರೆ. ಅವನಿಗೆ ಹೋಗೋ ಮನಸ್ಸಿರಲಿಲ್ಲ."

ಹೋಬಾರ್ಟ್ ಮತ್ತೆ ಅವಳ ಕಡೆ ತಿರುಗಿದರು.

"ಲಿಯೋಟಾಗೆ ಹೇಳಿದೀಯಾ?"

"ಇಲ್ಲ."

"ನಾನು ಹೇಳಲ್ಲ. ಅದು ನಿನ್ನ ಕೆಲಸ." ಅವರು ಟೊಪ್ಪಿ ಹಾಕಿಕೊಂಡರು. "ನಾಳೆ ಒಂಬತ್ತಕ್ಕೆ ಅವಳ ಗೇಟಿನ ಹತ್ರ ಗಾಡಿ ನಿಲ್ಲತ್ತೆ, ಅದಷ್ಟನ್ನ ಇವತ್ತು ರಾತ್ರಿ ಫೋನ್ ಮಾಡಿ ತಿಳಿಸ್ತೀನಿ. ಅದಕ್ಕೆ ಮುಂಚೆ ಹೋಗಿರು. ಅವಳು ಕಿವಿ ಡಾಕ್ಟರ ಹತ್ರ ಹೋಗೋಕೆ ಚೀಟಿ ಬ್ಯಾಗಲ್ಲಿಟ್ಕೊಂಡು ಕಾಯ್ತಾ ಕೂತಿರ್ತಾಳೆ."

ಮೂವರು ಕಮಿಷನರುಗಳ ಎದುರು ಆಡಿ ಮುಗಿಸಿದ್ದು ಸುಲಭದ ಪಾಲು ಎಂದು ಕೋರಾಗೆ ಆಗ ತಿಳಿಯಿತು.

"ಹೋಗಿರ್ತೀನಿ," ಅಂದಳು.

ಹೋಬಾರ್ಟ್ ಅದನ್ನು ನಂಬಿದರೋ ಇಲ್ಲವೋ ತೋರಗೊಡಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ವ್ಯಾನಿನ ಬೀಗದ ಕೈ ಕೇಳಲು ಕೆಳಗಿನ ಕಚೇರಿಯೊಳಕ್ಕೆ ಹೋದರು.